ಪಾಂಡಿಚೇರಿಯಿಂದ ಹೋದ ಲಂಗರು

ಕಡಲತೀರದ ಊರುಗಳಲ್ಲಿ ಹಳೆಯ ಲಂಗರೊಂದನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಅದರ ಬದಿಗೆ ಒಂದು ಫಲಕ ಹಾಕುವುದು ಲೋಕದ ಎಲ್ಲ ಕಡೆಯೂ ಕಂಡುಬರುವ ಪದ್ಧತಿ. ಮಕ್ಕಳು ಅದರ ತೋಳಿನ ಮೇಲೆ ಹತ್ತಿ ಕೂರುತ್ತಾರೆ. ಪ್ರವಾಸಿಗಳು ಅದರ ಮುಂದೆ ನಿಂತು ಪಟ ತೆಗೆಸಿಕೊಳ್ಳುತ್ತಾರೆ. ಊರಿನವರು ‘ಲಂಗರಿನ ಬಳಿ ಸಿಗೋಣ’ ಎಂದು ಗುರುತು ಹೇಳುತ್ತಾರೆ. ಹಡಗಿನ ಎಷ್ಟೋ ಅಂಗಗಳಿರುವಾಗ ಈ ಕಬ್ಬಿಣದ ಕೊಕ್ಕೆಗೇ ಏಕೆ ಇಷ್ಟು ಮರ್ಯಾದೆ? ಮರ ಕೊಳೆಯುತ್ತದೆ, ಹಾಯಿ ಹರಿಯುತ್ತದೆ, ಹಗ್ಗ ನವೆಯುತ್ತದೆ. ಲಂಗರು ಮಾತ್ರ ಉಳಿಯುತ್ತದೆ ಎಂಬುದು ಒಂದು ಕಾರಣ. ನೆಲೆ, ಭರವಸೆ, ನಂಬಿಕೆ ಎಂಬ ಭಾವಗಳಿಗೆಲ್ಲ ಅದು ಸಂಕೇತವಾಗಿರುವುದು ಇನ್ನೊಂದು ಕಾರಣ.

ಆದರೆ ಒಂದು ಮಾತನ್ನು ಯೋಚಿಸಬೇಕು. ತನ್ನ ಕೆಲಸವನ್ನು ಸರಿಯಾಗಿ ಮಾಡಿದ ಲಂಗರು ಪರವೂರಿನಲ್ಲಿ ಉಳಿಯುವುದಿಲ್ಲ. ಗಾಳಿ ತಿರುಗಿದೊಡನೆ ಮೇಲೆದ್ದು ಹಡಗಿನ ಜೊತೆ ಹೊರಟುಹೋಗುತ್ತದೆ. ಕಡಲಿನ ತಳದಿಂದ ನಾವು ಎತ್ತಿ ತರುವುದು ಕೈಬಿಟ್ಟುಹೋದ ಲಂಗರನ್ನು. ಅದನ್ನು ಬಿಟ್ಟ ಗಳಿಗೆ ಯಾರಿಗೋ ಸಂಕಟದ ಗಳಿಗೆಯಾಗಿತ್ತು. ಆದ್ದರಿಂದ ಇಂಥ ಲಂಗರನ್ನು ಕಂಡಾಗ ‘ಇದು ಯಾವ ಹಡಗಿನದು?’ ಎಂದು ಕೇಳಿದರೆ ಸಾಲದು. ‘ಇದರ ಹಗ್ಗವನ್ನು ಏಕೆ ಕಡಿದರು, ಆಮೇಲೆ ಏನಾಯಿತು?’ ಎಂದೂ ಕೇಳಬೇಕು.

ನ್ಯೂಜಿಲೆಂಡಿನ ಉತ್ತರ ತುದಿಯಲ್ಲಿ ಕೈಟಾಯಿಯ ಎಂಬ ಸಣ್ಣ ಪಟ್ಟಣ ಉಂಟು. ಅಲ್ಲಿಯ ವಸ್ತುಸಂಗ್ರಹಾಲಯದ ಮುಖ್ಯ ಆಕರ್ಷಣೆ ಇಂಥ ಒಂದು ಲಂಗರು. ಅದರ ಜೊತೆಯ ಇನ್ನೊಂದು ಲಂಗರು ರಾಜಧಾನಿ ವೆಲಿಂಗ್ಟನ್ನಿನಲ್ಲಿ, ಟೆ ಪಾಪ ಎಂಬ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಯೂರೋಪಿಯನರು ಆ ದೇಶದಲ್ಲಿ ಬಿಟ್ಟುಹೋದ, ಖಚಿತವಾಗಿ ಗುರುತು ಸಿಕ್ಕ ವಸ್ತುಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಇವು ಸೇರುತ್ತವೆ. ಇವು ಕಡಲಿಗೆ ಬಿದ್ದದ್ದು 1769ರ ಡಿಸೆಂಬರಿನಲ್ಲಿ. ಲಂಗರುಗಳು ಫ್ರೆಂಚ್ ಹಡಗಿನವು. ಆದರೆ ಆ ಹಡಗು ಹೊರಟದ್ದು ಫ್ರಾನ್ಸಿನಿಂದಲ್ಲ, ನಮ್ಮ ಪಾಂಡಿಚೇರಿಯಿಂದ. ಅದರ ಹೊಟ್ಟೆಯಲ್ಲಿ ತುಂಬಿದ್ದುದು ನಮ್ಮ ನೇಕಾರರ ಬಟ್ಟೆ. ಅದರ ಅಟ್ಟದ ಮೇಲೆ ನಮ್ಮ ನೆಲದ ಹುಡುಗರೂ ಇದ್ದರು. ಈ ಕಥೆ ನಮಗೆ ಪರಕೀಯವಲ್ಲ.

ಒಂದು ಗಾಳಿಸುದ್ದಿ

1761ರ ಜನವರಿಯಲ್ಲಿ ಪಾಂಡಿಚೇರಿ ಇಂಗ್ಲಿಷರ ವಶವಾಯಿತು. ಗೆದ್ದವರು ಕೋಟೆಯನ್ನೂ ಊರನ್ನೂ ಕೆಡವಿ ನೆಲಸಮ ಮಾಡಿದರು. 1763ರ ಪ್ಯಾರಿಸ್ ಒಪ್ಪಂದದಂತೆ ಊರು ಫ್ರೆಂಚರಿಗೆ ಹಿಂತಿರುಗಿ ದೊರೆಯಿತಾದರೂ ಹಿಂದಿನ ವೈಭವ ಮರಳಲಿಲ್ಲ. ಜಾನ್ ಲಾ ದ ಲೋರಿಸ್ತೋನ್ ಎಂಬುವನು ಗವರ್ನರಾಗಿ ಬಂದು ಪಾಳುಬಿದ್ದ ಊರನ್ನು ಮತ್ತೆ ಕಟ್ಟಿಸತೊಡಗಿದ. ಅತ್ತ ಬಂಗಾಳದ ಚಂದ್ರನಗರದಲ್ಲಿ ಶೆವಾಲಿಯೇ ಎಂಬುವನು ಫ್ರೆಂಚರ ಮುಖ್ಯಾಧಿಕಾರಿ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ದೀಪ ಆರುತ್ತ ಬಂದಿತ್ತು; 1769ರ ಆಗಸ್ಟಿನಲ್ಲಿ ಅದರ ಏಕಸ್ವಾಮ್ಯವನ್ನೇ ಸರ್ಕಾರ ರದ್ದುಗೊಳಿಸಿತು. ಅಧಿಕಾರಿಗಳು ಸ್ವಂತ ವ್ಯಾಪಾರಕ್ಕೆ ಕೈ ಹಾಕುತ್ತಿದ್ದ ಕಾಲ ಅದು.

ಈ ಇಬ್ಬರೊಂದಿಗೆ ಪಾಲುದಾರನಾದವನು ಜಾನ್ ಫ್ರಾನ್ಸ್ವಾ ಮರೀ ದ ಸುರ್ವಿಲ್. ಫ್ರಾನ್ಸಿನ ಬ್ರಿತಾನಿ ಪ್ರಾಂತದಲ್ಲಿ 1717ರಲ್ಲಿ ಹುಟ್ಟಿದವನು. ಹತ್ತು ವರ್ಷದ ಬಾಲಕನಾಗಿದ್ದಾಗಲೇ ಕಂಪನಿಯ ಹಡಗು ಹತ್ತಿ, ಹಿಂದೂ ಮಹಾಸಾಗರದಲ್ಲಿಯೂ ಚೀನಾದ ಕಡಲುಗಳಲ್ಲಿಯೂ ಬೆಳೆದು, ಇಂಗ್ಲಿಷರೊಡನೆ ಯುದ್ಧಗಳಲ್ಲಿ ಕಾದಿ ಹೆಸರು ಪಡೆದಿದ್ದ. ಅವನ ಹಡಗಿನ ಹೆಸರು ‘ಸಾಂ ಜಾನ್ ಬಾತಿಸ್ತ್’, ಎಂದರೆ ಸ್ನಾನಿಕ ಯೋಹಾನ. ಸುಮಾರು 650 ಟನ್ನಿನ, 36 ತೋಪುಗಳ ಹಡಗು.

ಪೂರ್ವದೇಶಗಳಲ್ಲಿ ವ್ಯಾಪಾರ ಮಾಡಿ ಬರುವುದು ಪಾಲುದಾರರ ಮೊದಲಿನ ಯೋಚನೆ. ಅಷ್ಟರಲ್ಲಿ ಒಂದು ಸುದ್ದಿ ಬಂತು: ಇಂಗ್ಲಿಷರು ಪೆಸಿಫಿಕ್ ಸಾಗರದಲ್ಲಿ, ಪೆರು ದೇಶದ ಪಶ್ಚಿಮಕ್ಕೆ, ಅತಿ ಶ್ರೀಮಂತವಾದ ಒಂದು ದ್ವೀಪವನ್ನು ಕಂಡುಹಿಡಿದಿದ್ದಾರೆ ಎಂದು. ಇಂಗ್ಲಿಷ್ ಕಪ್ತಾನ ವಾಲಿಸ್ 1767ರಲ್ಲಿ ಟಹೀಟಿ ದ್ವೀಪವನ್ನು ಮುಟ್ಟಿದ್ದು ನಿಜ. ಆದರೆ ಅಲ್ಲಿ ತೆಂಗು, ಹಂದಿ, ಜನರ ಸೌಜನ್ಯ ಇವು ಇದ್ದುವೇ ಹೊರತು ಬಂಗಾರವೇನೂ ಇರಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ ದಾಟಿ ಇಂಡಿಯಾಕ್ಕೆ ಬರುವ ಹೊತ್ತಿಗೆ ತೆಂಗು ಹೋಗಿ ಬಂಗಾರವೇ ಉಳಿದಿತ್ತು! ಇಂಗ್ಲಿಷರು ಮತ್ತೆ ಅಲ್ಲಿಗೆ ಹೋಗುವ ಮೊದಲೇ ತಾವು ಹೋಗಬೇಕೆಂದು ಪಾಲುದಾರರು ನಿಶ್ಚಯಿಸಿದರು.

1769ರ ಮಾರ್ಚಿಯಲ್ಲಿ ಹಡಗು ಬಂಗಾಳದಿಂದ ಹೊರಟು, ಯಾನಾಂ, ಮಚಲೀಪಟ್ಟಣಗಳಲ್ಲಿ ಸರಕು ತುಂಬಿಕೊಂಡು ಪಾಂಡಿಚೇರಿಗೆ ಬಂತು. ಅದೇ ಮಾರ್ಚಿ ಏಪ್ರಿಲಿನಲ್ಲಿ ನಮ್ಮ ಹೈದರಾಲಿ ಕುದುರೆಪಡೆಯೊಂದಿಗೆ ಮದರಾಸಿನ ಬಾಗಿಲಿಗೇ ಬಂದು ನಿಂತು ಇಂಗ್ಲಿಷರಿಂದ ಒಪ್ಪಂದ ಬರೆಸಿಕೊಂಡನೆಂಬುದನ್ನು ನೆನೆದರೆ ಕಾಲದ ಅಂದಾಜು ಓದುಗರಿಗೆ ಸಿಕ್ಕೀತು. ಜೂನ್ ತಿಂಗಳಲ್ಲಿ ‘ಬಾತಿಸ್ತ್’ ಪಾಂಡಿಚೇರಿಯಿಂದ ಪೂರ್ವಕ್ಕೆ ಹಾಯಿ ಬಿಚ್ಚಿತು. ಹಡಗಿನಲ್ಲಿದ್ದವರು 173 ಜನ.

ಅವರಲ್ಲಿ ಇಬ್ಬರು ಪಾಂಡಿಚೇರಿಯ ಲಸ್ಕರ್ ಹುಡುಗರು. ಇಬ್ಬರಿಗೂ ಹದಿನಾರರ ಆಸುಪಾಸಿನ ವಯಸ್ಸು. ಒಬ್ಬನ ಹೆಸರನ್ನು ಫ್ರೆಂಚರು ಮಾಮೂತ್ ಕಾಸೆಂ ಎಂದು ಬರೆದಿದ್ದಾರೆ. ಮಹಮೂದ್ ಕಾಸಿಂ ಎಂದಿರಬೇಕು. ಇನ್ನೊಬ್ಬ ನಸ್ರೀನ್. ನ್ಯೂಜಿಲೆಂಡಿನ ನೆಲಕ್ಕೆ ಬಂದವರೆಂದು ಹೆಸರು ಸಮೇತ ತಿಳಿದಿರುವ ಭಾರತೀಯರಲ್ಲಿ ಮೊದಲಿಗರು ಇವರೇ. ಇಂದು ಲಕ್ಷಗಟ್ಟಲೆ ಭಾರತೀಯರು ಆ ದೇಶದಲ್ಲಿ ಮನೆ ಮಾಡಿಕೊಂಡಿದ್ದಾರೆ. ಅವರ ಚರಿತ್ರೆಯ ಮೊದಲ ಪುಟದಲ್ಲಿ ಇರಬೇಕಾದವರು ಈ ಇಬ್ಬರು ಹುಡುಗರು.

ಕಡಲ ಬೇನೆ

ಮಲಾಕ್ಕಾ, ಟ್ರೆಂಗಾನು ದಾಟಿ ಹಡಗು ಫಿಲಿಪೀನಿನ ಉತ್ತರಕ್ಕಿರುವ ಬಾಶೀ ದ್ವೀಪಗಳಿಗೆ ಬಂತು. ಅಲ್ಲಿ ಮೂವರು ನಾವಿಕರು ಓಡಿಹೋದರು. ಅವರು ಸಿಕ್ಕದಿದ್ದಾಗ ಸುರ್ವಿಲ್ ಆ ದ್ವೀಪದ ಮೂವರನ್ನು ಹಿಡಿದು ಹಡಗಿಗೆ ಹಾಕಿಕೊಂಡ. ಹೋದವರಿಗೆ ಬದಲು ಸಿಕ್ಕವರು ಎಂಬ ಲೆಕ್ಕ! ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಅಕ್ಟೋಬರಿನಲ್ಲಿ ಸಾಲೊಮನ್ ದ್ವೀಪಗಳನ್ನು ಸೇರಿದರು. ನೀರಿಗಾಗಿ ಇಳಿದವರಿಗೂ ದ್ವೀಪದವರಿಗೂ ಕಾಳಗವಾಯಿತು. ಅಲ್ಲಿಯೂ ಒಬ್ಬ ಹುಡುಗನನ್ನು ಹಿಡಿದುಕೊಂಡು ಹೊರಟರು. ಮುಂದೆ ನಡೆಯಲಿದ್ದುದಕ್ಕೆ ಇವೆರಡೂ ಪೀಠಿಕೆಯಂತಿವೆ.

ಆಗಲೇ ಹಡಗಿನಲ್ಲಿ ಸ್ಕರ್ವಿ ಹಬ್ಬಿತ್ತು. ತಾಜಾ ಹಣ್ಣು, ಸೊಪ್ಪು ಇಲ್ಲದೆ ತಿಂಗಳುಗಟ್ಟಲೆ ಉಪ್ಪಿನ ಮಾಂಸ, ಒಣ ರೊಟ್ಟಿಗಳ ಮೇಲೆ ಬದುಕುವ ನಾವಿಕರಿಗೆ ಬರುವ ರೋಗ ಅದು. ಒಸಡು ಊದಿ ರಕ್ತ ಸುರಿಯುತ್ತದೆ, ಹಲ್ಲು ಅಲುಗುತ್ತವೆ, ಮಾಗಿದ ಹಳೆಯ ಗಾಯಗಳು ಮತ್ತೆ ಬಾಯಿ ಬಿಡುತ್ತವೆ, ಕಾಲು ನೆಲಕ್ಕೆ ನಿಲ್ಲುವುದಿಲ್ಲ. ‘ಸಿ’ ಜೀವಸತ್ತ್ವದ ಕೊರತೆಯೇ ಇದಕ್ಕೆ ಕಾರಣವೆಂದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಕಿತ್ತಳೆ, ನಿಂಬೆಗಳಿಂದ ಗುಣವಾಗುತ್ತದೆಂದು ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಲಿಂಡ್ 1747ರಲ್ಲಿಯೇ ಪರೀಕ್ಷಿಸಿ ಕಂಡಿದ್ದರೂ ಆ ಅರಿವು ಹಡಗುಗಳ ಅಡುಗೆಮನೆಗೆ ಇಳಿದಿರಲಿಲ್ಲ. ನೆಲ್ಲಿಯೂ ನಿಂಬೆಯೂ ಬೆಳೆಯುವ ನಾಡಿನಿಂದ ಹೊರಟ ಹಡಗಿನಲ್ಲಿ ಜನ ಅವುಗಳ ಅಭಾವದಿಂದ ಸಾಯುತ್ತಿದ್ದರು.

ಹೇಗಾದರೂ ನೆಲ ಕಾಣಬೇಕು, ಹಸಿರು ಸೊಪ್ಪು ಸಿಕ್ಕಬೇಕು. ಸುರ್ವಿಲ್ ಬಳಿ ಡಚ್ಚರ ಟಾಸ್ಮನ್ 1642ರಲ್ಲಿ ಕಂಡ ನ್ಯೂಜಿಲೆಂಡಿನ ವಿವರವಿತ್ತು. ಟಾಸ್ಮನ್ನನ ನಾಲ್ವರು ನಾವಿಕರು ಅಲ್ಲಿ ಹತರಾಗಿದ್ದರು. ಅವನು ನೆಲಕ್ಕೆ ಇಳಿಯದೆಯೇ ಹೊರಟುಹೋಗಿದ್ದ. ಅಂಥ ಕಡೆಗೆ ಹೋಗುವುದಕ್ಕೆ ಭಯವಿದ್ದರೂ ಬೇರೆ ಗತಿ ಇರಲಿಲ್ಲ. 1769ರ ಡಿಸೆಂಬರ್ 12ರಂದು ಆ ದೇಶದ ಪಶ್ಚಿಮ ತೀರ ಕಣ್ಣಿಗೆ ಬಿತ್ತು.

ವಿಧಿಯ ವಿನೋದವೆನ್ನಬೇಕು, ಟಾಸ್ಮನ್ನನ ಅನಂತರ 127 ವರ್ಷ ಯಾವ ಯೂರೋಪಿಯನನೂ ಬಂದನೆಂದು ದಾಖಲೆಯಿಲ್ಲದ ಆ ತೀರದಲ್ಲಿ ಅದೇ ವಾರ ಇನ್ನೊಂದು ಹಡಗೂ ಇತ್ತು. ಇಂಗ್ಲಿಷ್ ಕಪ್ತಾನ ಜೇಮ್ಸ್ ಕುಕ್ಕನ ‘ಎಂಡೆವರ್’. ಡಿಸೆಂಬರಿನ ನಡುವೆ ದೇಶದ ಉತ್ತರ ತುದಿಯಲ್ಲಿ ಒಂದು ಹಡಗು ಈ ಕಡೆಗೂ ಇನ್ನೊಂದು ಆ ಕಡೆಗೂ ಬಿರುಗಾಳಿಯಲ್ಲಿ ಹಾದುಹೋದವು, ಒಂದನ್ನೊಂದು ಕಾಣಲಿಲ್ಲ. ಕೆಲವೇ ದಿನಗಳ ಹಿಂದೆ ಕುಕ್ ಪೂರ್ವ ತೀರದ ಒಂದು ಕೊಲ್ಲಿಯನ್ನು ಹೊರಗಿನಿಂದಲೇ ನೋಡಿ ‘ಡೌಟ್‌ಲೆಸ್ ಬೇ’ ಎಂದು ಹೆಸರಿಟ್ಟು ಮುಂದೆ ಸಾಗಿದ್ದ. ‘ಕೊಲ್ಲಿಯೆಂಬುದರಲ್ಲಿ ಸಂಶಯವಿಲ್ಲ’ ಎಂದು ಅದರ ಅರ್ಥ. ಡಿಸೆಂಬರ್ 17ರಂದು ಸುರ್ವಿಲ್ ಅದೇ ಕೊಲ್ಲಿಯೊಳಕ್ಕೆ ಬಂದು ಲಂಗರು ಹಾಕಿದ. ಕುಕ್ಕನ ವಿಷಯ ತಿಳಿಯದ ಅವನು ತನ್ನ ಪಾಲುದಾರ, ಪಾಂಡಿಚೇರಿಯ ಗವರ್ನರ್ ಲೋರಿಸ್ತೋನನ ಹೆಸರನ್ನು ಅದಕ್ಕೆ ಇಟ್ಟ.

ಕೊಲ್ಲಿಯಲ್ಲಿ ಎರಡು ವಾರ

ಆ ಕೊಲ್ಲಿಗೆ ಮೊದಲೇ ಹೆಸರೂ ಇತ್ತು, ಒಡೆಯರೂ ಇದ್ದರು. ಅವರು ಮಾವೊರಿ ಜನ. ಹಡಗನ್ನು ಕಂಡು ದೋಣಿಗಳಲ್ಲಿ ಬಂದರು, ಮೀನು ತಂದರು, ಬದಲಿಗೆ ಬಟ್ಟೆ ಕೊಂಡರು. ಬಂಗಾರದ ದ್ವೀಪದಲ್ಲಿ ಮಾರಲೆಂದು ಹೊತ್ತು ತಂದ ನಮ್ಮ ಪೂರ್ವತೀರದ ಬಟ್ಟೆ ಮೊದಲು ಬೆಲೆ ಕಂಡದ್ದು ಹೀಗೆ, ಒಂದು ಹಿಡಿ ಮೀನಿಗೆ! ನೀರು, ಕಟ್ಟಿಗೆ, ಕಾಡುಸೊಪ್ಪು ತರಲು ನಾವಿಕರಿಗೆ ಅಡ್ಡಿಯಿರಲಿಲ್ಲ. ಕಪ್ತಾನನೂ ಅಲ್ಲಿಯ ನಾಯಕರೂ ಉಡುಗೊರೆ ಬದಲಾಯಿಸಿಕೊಂಡರು. ಸುರ್ವಿಲ್ ಎರಡು ಹಂದಿಮರಿ, ಒಂದು ಹುಂಜ, ಒಂದು ಹೇಂಟೆ ಕೊಟ್ಟ. ರೋಗಿಗಳನ್ನು ದಡಕ್ಕೆ ಕರೆದೊಯ್ದು ಗಾಳಿ ಬಿಸಿಲು ಕಾಣಿಸಿ, ಹಸಿ ಸೊಪ್ಪು ತಿನ್ನಿಸಿದರು. ಎದ್ದು ನಿಲ್ಲಲಾರದವರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. ಎರಡೂ ಕಡೆ ಅನುಮಾನ ಇರಲಿಲ್ಲವೆಂದಲ್ಲ. ಕೋವಿಗಳು ಕೈಗೆ ಹತ್ತಿರವೇ ಇದ್ದವು. ಆದರೂ ಹತ್ತು ದಿನ ರಕ್ತ ಹರಿಯದೆ ಕಳೆಯಿತು.

ಡಿಸೆಂಬರ್ 27ರಂದು ಗಾಳಿ ಈಶಾನ್ಯಕ್ಕೆ ತಿರುಗಿ ಬಿರುಗಾಳಿಯಾಯಿತು. ಡೌಟ್‌ಲೆಸ್ ಕೊಲ್ಲಿಯ ಬಾಯಿ ಇರುವುದು ಈಶಾನ್ಯಕ್ಕೇ. ಅಲೆಗಳು ನೇರವಾಗಿ ಒಳಕ್ಕೆ ನುಗ್ಗಿದವು. ಇಲ್ಲಿ ಲಂಗರಿನ ಕೆಲಸವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಹಡಗನ್ನು ಹಿಡಿದು ನಿಲ್ಲಿಸುವುದು ಲಂಗರಿನ ಭಾರವೊಂದೇ ಅಲ್ಲ. ಅದರ ಎರಡು ತೋಳುಗಳ ತುದಿಯಲ್ಲಿ ಗುದ್ದಲಿಯ ಹಾಗೆ ಅಗಲವಾದ ಅಲಗುಗಳಿರುತ್ತವೆ. ಮೇಲ್ಗಡೆ, ತೋಳುಗಳಿಗೆ ಅಡ್ಡಲಾಗಿ, ಒಂದು ಮರದ ತೊಲೆ. ಆ ತೊಲೆ ತಳದಲ್ಲಿ ಚಪ್ಪಟೆಯಾಗಿ ಮಲಗಿದಾಗ ಒಂದು ಅಲಗು ತಾನಾಗಿ ಕೆಳಮುಖವಾಗಿ ನೆಲಕ್ಕೆ ಕಚ್ಚುತ್ತದೆ. ಹಡಗು ಎಳೆದಷ್ಟೂ ಅದು ಆಳಕ್ಕೆ ಹೂತುಕೊಳ್ಳುತ್ತದೆ. ಆದರೆ ಎಳೆತ ನೆಲದ ಉದ್ದಕ್ಕೆ ಇರಬೇಕು. ಅಲೆಗಳು ಹಡಗನ್ನು ಎತ್ತಿ ಎತ್ತಿ ಕುಕ್ಕಿದಾಗ ಹಗ್ಗ ಮೇಲಕ್ಕೆ ಜಗ್ಗಿ ಅಲಗು ಕಳಚುತ್ತದೆ. ಆಗ ಲಂಗರು ನೇಗಿಲಿನಂತೆ ತಳವನ್ನು ಉಳುತ್ತ ಹಡಗಿನ ಹಿಂದೆ ಬರುತ್ತದೆ.

ಅಂದು ಆದದ್ದು ಅದೇ. ಹಡಗು ಲಂಗರುಗಳನ್ನು ಎಳೆದುಕೊಂಡು ಬಂಡೆಗಳ ಕಡೆಗೆ ಸರಿಯತೊಡಗಿತು. ಅವನ್ನು ಮೇಲೆತ್ತಬೇಕಾದರೆ ಹತ್ತಾರು ಆಳುಗಳು ರಾಟೆ ತಿರುಗಿಸಬೇಕು, ಗಂಟೆಗಟ್ಟಲೆ ಸಮಯ ಬೇಕು. ಆಳುಗಳಲ್ಲಿ ಸತ್ತವರು ಎಷ್ಟೋ, ಹಾಸಿಗೆ ಹಿಡಿದವರು ಎಷ್ಟೋ. ಸಮಯವಂತೂ ಇಲ್ಲವೇ ಇಲ್ಲ. ಸುರ್ವಿಲ್ ಹಗ್ಗ ಕಡಿಯಲು ಆಜ್ಞೆಯಿತ್ತ. ತೋಳಿನ ಗಾತ್ರದ ಸೆಣಬಿನ ಹುರಿ ಕೊಡಲಿಗೆ ತುಂಡಾಯಿತು. ಹಾಯಿ ಏರಿಸಿ, ಬಂಡೆಗೆ ತೀರ ಸಮೀಪದಲ್ಲಿ ಹಡಗನ್ನು ತಿರುಗಿಸಿ ಪಾರಾದರು. ಆ ಬಿರುಗಾಳಿಯಲ್ಲಿ ಮೂರು ಲಂಗರು ಹೋದವು. ಹಿಂದೆ ಕಟ್ಟಿದ್ದ ಸಣ್ಣ ದೋಣಿಯೂ ಹೋಯಿತು.

ಅದೇ ಹೊತ್ತಿನಲ್ಲಿ ರೋಗಿಗಳನ್ನು ತುಂಬಿಕೊಂಡಿದ್ದ ಇನ್ನೊಂದು ದೋಣಿ ಹಡಗಿಗೆ ಮರಳಲಾರದೆ ಒಂದು ಸಣ್ಣ ಕುಡದಲ್ಲಿ ಸಿಕ್ಕಿಕೊಂಡಿತ್ತು. ಅಲ್ಲಿಯ ನಾಯಕನ ಹೆಸರು ರಂಗಿನೂಯಿ, ನಾಟಿ ಕಾಹು ಎಂಬ ಕುಲದವನು. ಆ ಹೆಸರಿಗೆ ‘ಮಹಾಕಾಶ’ ಎಂದರ್ಥ. ಮಾವೊರಿ ಪುರಾಣದಲ್ಲಿ ಜಗತ್ತಿನ ತಂದೆಯ ಹೆಸರೂ ಅದೇ. ನಡೆಯಲಾರದ ಪರದೇಶದ ರೋಗಿಗಳು ಅವನ ಕೈಯಲ್ಲಿದ್ದರು. ಅವನು ಅವರಿಗೆ ಆಶ್ರಯ ಕೊಟ್ಟ, ಒಣಮೀನು ತಂದು ಉಣ್ಣಿಸಿದ, ಪ್ರತಿಫಲ ಬೇಡವೆಂದ. ಇದನ್ನು ಬರೆದಿಟ್ಟವರು ಮಾವೊರಿಗಳಲ್ಲ, ಫ್ರೆಂಚರೇ.

ಅತಿಥಿಯ ಪ್ರತ್ಯುಪಕಾರ

ಗಾಳಿ ನಿಂತಿತು. ರೋಗಿಗಳು ಹಡಗಿಗೆ ಮರಳಿದರು. ಡಿಸೆಂಬರ್ 31ರಂದು ಕಳೆದುಹೋದ ಸಣ್ಣ ದೋಣಿ ದಡದಲ್ಲಿ ಬಿದ್ದಿರುವುದೂ ಅದರ ಸುತ್ತ ಜನ ಸೇರಿರುವುದೂ ಹಡಗಿನಿಂದ ಕಂಡಿತು. ಸುರ್ವಿಲ್ ಕೋವಿ ಹಿಡಿದವರೊಂದಿಗೆ ಅಲ್ಲಿಗೆ ಧಾವಿಸಿದ. ಅಷ್ಟರಲ್ಲಿ ದೋಣಿ ಮಾಯವಾಗಿತ್ತು. ಮರಳಿನ ಮೇಲೆ ಎಳೆದೊಯ್ದ ಗುರುತು ಮಾತ್ರ ಇತ್ತು.

ಕಡಲು ದಡಕ್ಕೆ ತಂದು ಹಾಕಿದ್ದು ದಡದವರದು ಎಂಬುದು ಮಾವೊರಿಗಳ ರೂಢಿ. ಇದು ಕಾಡುಜನರ ಕಾನೂನು ಎಂದು ಹೇಳುವಂತಿಲ್ಲ. ಒಡೆದ ಹಡಗಿನ ಸೊತ್ತಿನ ಮೇಲೆ ಕರಾವಳಿಯ ಜಹಗೀರುದಾರನಿಗೆ ಹಕ್ಕುಂಟೆಂಬುದು ಯೂರೋಪಿನಲ್ಲಿಯೂ, ಸುರ್ವಿಲ್ ಹುಟ್ಟಿ ಬೆಳೆದ ಬ್ರಿತಾನಿಯಲ್ಲಿಯೂ ಬಹುಕಾಲ ನಡೆದುಬಂದ ಪದ್ಧತಿಯೇ. ಆದರೆ ಕಪ್ತಾನನ ಕಣ್ಣಿಗೆ ಇದು ಕಳವು. ಅವನು ಅಲ್ಲಿದ್ದವರನ್ನು ಸನ್ನೆ ಮಾಡಿ ಕರೆದ. ಒಬ್ಬ ಹತ್ತಿರ ಬಂದ. ಅವನನ್ನು ಹಿಡಿದು ಕಟ್ಟಿಸಿದ. ಗುಡಿಸಲುಗಳಿಗೆ ಬೆಂಕಿ ಹಚ್ಚಿಸಿದ, ಬಲೆಗಳನ್ನು ಸುಡಿಸಿದ, ಒಂದು ದೋಣಿಯನ್ನು ಸುಟ್ಟು ಇನ್ನೊಂದನ್ನು ಎಳೆದುಕೊಂಡು ಹೋದ. ಮೀನಿನಿಂದ ಬದುಕುವ ಊರಿಗೆ ಬಲೆ ಹೋದರೆ ಏನಾಗುತ್ತದೆಂಬುದನ್ನು ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಕಟ್ಟಿ ತಂದವನನ್ನು ಹಡಗಿನ ಮೇಲೆ ಕಂಡಾಗ ರೋಗಿಗಳೊಂದಿಗೆ ದಡದಲ್ಲಿ ಉಳಿದಿದ್ದವರು ಗುರುತು ಹಿಡಿದರು. ಅವನು ರಂಗಿನೂಯಿ. ಮೂರು ದಿನಗಳ ಹಿಂದೆ ಅವರಿಗೆ ಅನ್ನವಿಟ್ಟಿದ್ದವನು. ಗುರುತು ಹಿಡಿದರು ನಿಜ, ಆದರೆ ಬಿಡಿಸಲಿಲ್ಲ. ಮೂರು ಲಂಗರು ಕಳೆದುಕೊಂಡ ಹಡಗು ಅಪರಿಚಿತ ತೀರಗಳಲ್ಲಿ ಮತ್ತೆ ನಿಲ್ಲುವ ಧೈರ್ಯ ಮಾಡುವಂತಿರಲಿಲ್ಲ. ಅಧಿಕಾರಿಗಳು ಕೂಡಿ ಯೋಚಿಸಿ, ಪೂರ್ವಕ್ಕೆ ನೇರವಾಗಿ ಪೆರುವಿಗೆ ಹೋಗುವುದೆಂದು ತೀರ್ಮಾನಿಸಿದರು. ಅದೇ ದಿನ ಹಡಗು ಹೊರಟಿತು. ರಂಗಿನೂಯಿ ಕೊಲ್ಲಿಯನ್ನು ಮತ್ತೆ ಕಾಣಲಿಲ್ಲ.

ಮೂರು ತಿಂಗಳು ನೀರೇ ನೀರು. ಆ ಅಕ್ಷಾಂಶಗಳಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಪೆಸಿಫಿಕ್ಕನ್ನು ದಾಟಿದ ಮೊದಲ ಯೂರೋಪಿಯನ್ ಹಡಗು ಇದೇ ಎಂದು ಚರಿತ್ರಕಾರರು ಇದಕ್ಕೆ ಕೀರ್ತಿ ಕೊಡುತ್ತಾರೆ. ಹಡಗಿನೊಳಗೆ ಇದ್ದದ್ದು ರೋಗ ಮತ್ತು ಬಾಯಾರಿಕೆ. 1770ರ ಮಾರ್ಚಿ 24ರಂದು ಹುವಾನ್ ಫರ್ನಾಂಡಿಸ್ ದ್ವೀಪ ಕಣ್ಣಿಗೆ ಕಾಣುತ್ತಿರುವಾಗ ರಂಗಿನೂಯಿ ಸ್ಕರ್ವಿಯಿಂದ ತೀರಿಕೊಂಡ. ತಾನು ಯಾವ ರೋಗದಿಂದ ಪರದೇಶಿಗಳನ್ನು ಕಾಪಾಡಿದ್ದನೋ ಅದೇ ರೋಗದಿಂದ. ಪಾಂಡಿಚೇರಿಯ ಆ ಹುಡುಗರಿಬ್ಬರೂ ಅದೇ ಯಾನದಲ್ಲಿ ಅದೇ ರೋಗಕ್ಕೆ ತುತ್ತಾದರು.

ಸುರ್ವಿಲ್ ಕೂಡ ಹೆಚ್ಚು ದಿನ ಉಳಿಯಲಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಪೆರುವಿನ ಚಿಲ್ಕ ಎಂಬಲ್ಲಿ ಹಡಗು ನಿಂತಿತು. ಏಪ್ರಿಲ್ 8ರಂದು ಅವನು ಸಂಪೂರ್ಣ ಸಮವಸ್ತ್ರ ಧರಿಸಿ, ಸ್ಪೇನಿನ ವೈಸರಾಯನಿಗೆ ಸಹಾಯ ಬೇಡುವ ಪತ್ರ ಹಿಡಿದು ಸಣ್ಣ ದೋಣಿಯಲ್ಲಿ ದಡಕ್ಕೆ ಹೊರಟ. ದಡದ ಅಲೆಗಳಲ್ಲಿ ದೋಣಿ ಮಗುಚಿತು. ನಾಲ್ಕು ದಶಕ ಕಡಲಿನ ಮೇಲೆ ಬದುಕಿದವನು ಕೂಗಳತೆಯ ನೀರಿನಲ್ಲಿ ಮುಳುಗಿ ಸತ್ತ. ಸ್ಪೇನಿನವರು ಹಡಗನ್ನು ಸುಮಾರು ಮೂರು ವರ್ಷ ಹಿಡಿದಿಟ್ಟರು. ಎರಡನೆಯ ಅಧಿಕಾರಿ ಲಾಬೆ ಅದನ್ನು 1773ರಲ್ಲಿ ಫ್ರಾನ್ಸಿಗೆ ಮುಟ್ಟಿಸಿದಾಗ ಹೊರಟ 173 ಜನರಲ್ಲಿ ಉಳಿದವರು 66. ಸತ್ತವರು 79, ಓಡಿಹೋದವರು 28. ಬಂಗಾರದ ದ್ವೀಪ ಸಿಕ್ಕಲಿಲ್ಲ, ಇದ್ದರಲ್ಲವೆ ಸಿಕ್ಕುವುದು!

ಹಡಗಿನ ಲೆಕ್ಕಪತ್ರ ನೋಡುತ್ತಿದ್ದ ತರುಣ ಗುಮಾಸ್ತ ಮೊನ್ನರೋನ್ ಬದುಕಿ ಬಂದವರಲ್ಲೊಬ್ಬ. ಅವನೂ ಈ ಯಾನದ ವೃತ್ತಾಂತ ಬರೆದಿದ್ದಾನೆ. ಮೊನ್ನರೋನ್ ಮನೆತನದ ಹೆಸರು ಮೈಸೂರಿನ ಚರಿತ್ರೆ ಓದಿದವರಿಗೆ ಹೊಸದಲ್ಲ. 1787ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳನ್ನು ಪಾಂಡಿಚೇರಿಯಿಂದ ಹತ್ತಿಸಿಕೊಂಡು 1788ರಲ್ಲಿ ಫ್ರಾನ್ಸಿಗೆ ಮುಟ್ಟಿಸಿದ ‘ಅರೋರ್’ ಹಡಗಿನ ಮುಖ್ಯಸ್ಥ ಪಿಯೇರ್ ಮೊನ್ನರೋನ್.

ಕಾಗದವೂ ಕಬ್ಬಿಣವೂ

ಕೊಲ್ಲಿಯ ತಳದಲ್ಲಿ ಲಂಗರುಗಳು 205 ವರ್ಷ ಮಲಗಿದ್ದವು. ಅವುಗಳ ಮರದ ತೊಲೆಗಳನ್ನು ಕಡಲಹುಳು ತಿಂದುಹಾಕಿತು. ಕಬ್ಬಿಣದ ಮೇಲೆ ತುಕ್ಕು, ಮರಳು, ಚಿಪ್ಪು ಸೇರಿ ಕಲ್ಲಿನಂಥ ಕವಚ ಬೆಳೆಯಿತು. ಅತ್ತ ಫ್ರಾನ್ಸಿನ ದಫ್ತರಗಳಲ್ಲಿ ಸುರ್ವಿಲ್, ಲಾಬೆ, ಪೊತಿಯೆ ದ ಲೋರ್ಮ್ ಮೊದಲಾದವರ ದಿನಚರಿಗಳು ಅಷ್ಟೇ ಮೌನವಾಗಿ ಮಲಗಿದ್ದವು. ಫ್ರಾನ್ಸಿನಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ನೆಲಸಿದ ಚರಿತ್ರಕಾರ ಜಾನ್ ಡನ್‌ಮೋರ್ ಅವರು ಆ ದಿನಚರಿಗಳನ್ನು ಓದಿ 1969ರಲ್ಲಿ ಈ ಯಾನದ ಬಗೆಗೆ ಪುಸ್ತಕ ಬರೆದರು. 1981ರಲ್ಲಿ ದಿನಚರಿಗಳನ್ನೇ ಇಂಗ್ಲಿಷಿಗೆ ತಂದರು. ಮುಳುಗಿದ ಹಡಗುಗಳನ್ನು ಹುಡುಕುವುದರಲ್ಲಿ ಹೆಸರಾದ ಕೆಲ್ಲಿ ಟಾರ್ಲ್ಟನ್ ಅವರೂ ಅವರ ಸಂಗಡಿಗರೂ ಹಡಗು ನಿಂತಿದ್ದ ಜಾಗವನ್ನು ಹಳೆಯ ದಾಖಲೆಗಳ ಸಹಾಯದಿಂದ ಗುರುತಿಸಿ, 1974ರಲ್ಲಿ ನೀರಿಗಿಳಿದು ಲಂಗರುಗಳನ್ನು ಕಂಡುಹಿಡಿದರು. ಕಾಗದ ತೋರಿದ ಕಡೆಯಲ್ಲಿಯೇ ಕಬ್ಬಿಣ ಸಿಕ್ಕಿತು. ಚರಿತ್ರೆಯಲ್ಲಿ ಇಂಥ ಸಾಕ್ಷ್ಯ ಅಪರೂಪ.

ಕಡಲಿನಿಂದ ಎತ್ತಿದ ಕಬ್ಬಿಣವನ್ನು ಹಾಗೆಯೇ ಗಾಳಿಗೆ ಇಟ್ಟರೆ ಕೆಲವೇ ವರ್ಷಗಳಲ್ಲಿ ಪದರ ಪದರವಾಗಿ ಸುಲಿದು ಪುಡಿಯಾಗುತ್ತದೆ. ಒಳಕ್ಕೆ ಇಳಿದ ಉಪ್ಪೇ ಅದಕ್ಕೆ ಕಾರಣ. ಆದ್ದರಿಂದ ಇಂಥ ವಸ್ತುಗಳನ್ನು ಕ್ಷಾರದ ದ್ರಾವಣದಲ್ಲಿ ದೀರ್ಘಕಾಲ ಮುಳುಗಿಸಿ, ವಿದ್ಯುತ್ತು ಹಾಯಿಸಿ, ಉಪ್ಪನ್ನು ಹೊರಕ್ಕೆ ಸೆಳೆಯುತ್ತಾರೆ. ಕಬ್ಬಿಣಕ್ಕೆ ಈ ಶುಶ್ರೂಷೆ ಸರಿಯೆ. ಅದರ ಕಥೆಯಲ್ಲಿರುವ ಕಹಿಯನ್ನು ಮಾತ್ರ ಹೀಗೆ ಸೆಳೆದುಹಾಕಬಾರದು.

ಕಡಲ ಸಾಹಸದ ಸ್ಮಾರಕವೆಂದು ಲಂಗರನ್ನು ನೋಡುವವರಿಗೆ ಕಪ್ತಾನನ ಹೆಸರು ಮೊದಲು ಸಿಕ್ಕುತ್ತದೆ. ಅವನು ಸಾಹಸಿಯೆಂಬುದರಲ್ಲಿ ಸಂಶಯವಿಲ್ಲ. ಬಂಡೆಯ ಬಾಯಿಂದ ಹಡಗನ್ನು ಉಳಿಸಿದವನು ಅವನು. ಆದರೆ ಹಗ್ಗ ಕಡಿದದ್ದರಿಂದ ಉಳಿದ ಜೀವಗಳು ಒಂದು ಕಡೆಗಾದರೆ, ಆ ರಾತ್ರಿ ದಡದಲ್ಲಿ ಒಣಮೀನು ಹಂಚಿ ಉಳಿಸಿದ ಜೀವಗಳು ಇನ್ನೊಂದು ಕಡೆಗಿವೆ. ಮೊದಲನೆಯದಕ್ಕೆ ಕಬ್ಬಿಣದ ಸಾಕ್ಷಿ ಉಂಟು. ಎರಡನೆಯದಕ್ಕೆ ಅದನ್ನು ಉಂಡವರೇ ಬರೆದ ನಾಲ್ಕು ಸಾಲಿನ ಸಾಕ್ಷಿ ಮಾತ್ರ. ನಾಟಿ ಕಾಹು ಜನ ಇಂದೂ ಆ ಕೊಲ್ಲಿಯ ದಡದಲ್ಲಿಯೇ ಇದ್ದಾರೆ. ಅವರ ಪಾಲಿಗೆ ಈ ಲಂಗರು ಒಬ್ಬ ಹಿರಿಯನನ್ನು ಕೊಂಡೊಯ್ದ ಹಡಗಿನ ಗುರುತು.

ಲೋರಿಸ್ತೋನನ ಹೆಸರು ಆ ಕೊಲ್ಲಿಗೆ ನಿಲ್ಲಲಿಲ್ಲ. ಒಳಕ್ಕೆ ಬಾರದೆ ಹೊರಗಿನಿಂದಲೇ ಹಾದುಹೋದ ಕುಕ್ ಇಟ್ಟ ಹೆಸರು ನಿಂತಿತು. ನಮ್ಮ ಬಟ್ಟೆಗಳಲ್ಲಿ ಮೀನಿಗೆ ಬದಲಾಗಿ ಹೋದ ತುಂಡುಗಳು ಎಂದೋ ಜೀರ್ಣವಾದವು. ಆ ಹುಡುಗರಿಬ್ಬರಿಗೆ ಉಳಿದದ್ದು ಕಾಗದದ ಮೇಲಿನ ಹೆಸರು. ಯಾನವೆಲ್ಲ ಮುಗಿದ ಮೇಲೆ ಕೈಗೆ ಸಿಕ್ಕಿದ್ದು ಕಡಿದು ಬಿಟ್ಟುಹೋದ ಕಬ್ಬಿಣ. ಅದನ್ನು ನಿಲ್ಲಿಸಿ ಇಟ್ಟವರು ಒಳ್ಳೆಯ ಕೆಲಸ ಮಾಡಿದ್ದಾರೆ. ನೋಡಹೋದವರು ಸುರ್ವಿಲ್‌ನ ಹೆಸರಿನ ಜೊತೆ ಇನ್ನು ಮೂರು ಹೆಸರು ಸೇರಿಸಿ ಓದಿಕೊಂಡರೆ ಆ ಕೆಲಸ ಪೂರ್ತಿಯಾಗುತ್ತದೆ: ರಂಗಿನೂಯಿ, ಕಾಸೆಂ, ನಸ್ರೀನ್.